ಇಮಾಮ್ ಸಾಬರ ಕಮಾನು, ಕಾಲು ಮೈಲಿ ಓಟ

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ಇಮಾಮ್ ಸಾಬರ ಕಮಾನು ಶೆಡ್ಡು ಇತ್ತು. ಕಮಾನು ಅಂದರೆ ಗಾಡಿಯ ಅಚ್ಚಿಗೆ ಒಂದರ ಮೇಲೊಂದು ಜೋಡಿಸಿ ಬಿಗಿಯುವ ಉಕ್ಕಿನ ಪ್ಲೇಟುಗಳ ಕಟ್ಟು. ಗಾಡಿಯ ಭಾರವನ್ನೆಲ್ಲ ಹೊರುವುದು ಅದೇ. ಕಬ್ಬಿನ ಕಾಲ ಬಂತೆಂದರೆ ಶೆಡ್ಡಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಯಾವ ಲಾರಿ ಏನು ದೂರು ಹೇಳಿಕೊಂಡು ಬಂದರೂ ಸಾಬರದು ಒಂದೇ ಔಷಧಿ: ಇನ್ನೆರಡು ಪ್ಲೇಟು ಹಾಕು. ಹತ್ತು ಟನ್ ಹೊರುವ ಲಾರಿಗೆ ಹದಿನೈದು ಟನ್ ಕಬ್ಬು ಹೇರುವ ನಮ್ಮ ಸೀಮೆಗೆ ಆ ಔಷಧಿ ಚೆನ್ನಾಗಿಯೇ ನಾಟುತ್ತಿತ್ತು.

ಆಸಾಮಿ ಕುಳ್ಳ, ಗಂಟಲು ಮಾತ್ರ ಭಾರಿ. "ನಾನ್ ಕಟ್ಟಿದ್ ಕಮಾನು ಮುರುದ್ರೆ ನನ್ ಎಸ್ರು ಬದ್ಲಾಯಿಸ್ಬುಡ್ಲಾ" ಎಂದು ರಸ್ತೆಯ ಆಚೆ ಬದಿಗೆ ಕೇಳುವಂತೆ ಹೇಳುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ಯಾರಿಗೂ ಅದನ್ನು ಬದಲಾಯಿಸುವ ಪ್ರಸಂಗ ಬಂದಿರಲಿಲ್ಲ. ತಮ್ಮ ಕೆಲಸದಲ್ಲಿ ತಪ್ಪಾಯಿತು ಎಂದು ಅವರು ಒಪ್ಪಿಕೊಂಡದ್ದನ್ನೂ ನಾನು ಕೇಳಿರಲಿಲ್ಲ.

ನಾನು ಸಿದ್ದರಾಜು. ಪಾಂಡವಪುರ ರೈಲ್ವೆ ಸ್ಟೇಷನ್ನಿನ ಮುಂದೆ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದೆ. ವೇಗ ನನ್ನ ಚಟ, ಬಾಯಿ ನನ್ನ ಶತ್ರು. ತೊಂಬತ್ತನಾಲ್ಕರ ಜನವರಿಯಲ್ಲಿ ಮೈಸೂರಿನ ಕಾರು ಪ್ರಿಯರು ಕೆಲವರು ಸೇರಿ ಹಳೆಯದೊಂದು ವಿಮಾನ ನಿಲ್ದಾಣದ ಬಯಲಿನಲ್ಲಿ ಓಟ ಏರ್ಪಡಿಸಿದರು. ಎರಡೆರಡು ಕಾರು ಪಕ್ಕಪಕ್ಕ ನಿಲ್ಲಬೇಕು, ಬಾವುಟ ಇಳಿದ ಕೂಡಲೇ ಹೊರಡಬೇಕು, ಕಾಲು ಮೈಲಿಯ ಗೆರೆಯನ್ನು ಮೊದಲು ದಾಟಿದವನು ಗೆದ್ದ. ಅಂಬಾಸಿಡರುಗಳಿಗೇ ಬೇರೆ ಓಟ ಇದೆ ಎಂದು ನಾಲ್ಕು ತಿಂಗಳು ಮೊದಲೇ ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ.

ಎಂಜಿನ್ನಿನ ಕೆಲಸವನ್ನು ನಮ್ಮೂರಿನ ಮೆಕ್ಯಾನಿಕ್ ಚಿಕ್ಕಸ್ವಾಮಿಗೆ ಒಪ್ಪಿಸಿದೆ. ಹತ್ತು ಪ್ರಶ್ನೆಗೆ ಒಂದು ಉತ್ತರ ಕೊಡುವ ಮನುಷ್ಯ. ಮೂರು ತಿಂಗಳು ಕೂತು ಒಂದೊಂದು ಬೋಲ್ಟನ್ನೂ ಬಿಚ್ಚಿ ಕಟ್ಟಿದ. ಹೊರಡುವ ರಭಸಕ್ಕೆ ಹಿಂಬದಿ ತಡೆದುಕೊಳ್ಳಬೇಕಲ್ಲ ಎಂದು ಕಾರನ್ನು ಇಮಾಮ್ ಸಾಬರ ಶೆಡ್ಡಿಗೆ ಒಯ್ದೆ. ಅವರು ಯೋಚನೆಯನ್ನೇ ಮಾಡಲಿಲ್ಲ. ಎರಡೂ ಕಡೆ ಎರಡೆರಡು ಪ್ಲೇಟು ಜಾಸ್ತಿ ಹಾಕಿ, ಡಿಕ್ಕಿಯ ಮೇಲೆ ಅಂಗೈಯಿಂದ ಬಡಿದು, "ಓಗ್ಲಾ, ಗೆದ್ಕಂಡ್ ಬಾ" ಎಂದರು.

ಎದುರಾಳಿ ಕೆ.ಆರ್.ಪೇಟೆಯ ರಘುನಂದನ್. ಬಾವುಟ ಇಳಿಯಿತು, ಕ್ಲಚ್ ಬಿಟ್ಟೆ. ಕಾರು ಮುಂದಕ್ಕೆ ಹೋಗುವುದರ ಬದಲು ಇದ್ದಲ್ಲೇ ಕುಪ್ಪಳಿಸಿತು. ಹಿಂದಿನ ಚಕ್ರ ನೆಲ ಕಚ್ಚುವುದು, ಮೇಲೆ ಹಾರುವುದು, ಮತ್ತೆ ಕಚ್ಚುವುದು. ನನ್ನ ಹಲ್ಲೆಲ್ಲ ಕಟಕಟ ಅಂದವು. ಅದು ಹದಕ್ಕೆ ಬರುವ ಹೊತ್ತಿಗೆ ರಘುನಂದನ್ ಗೆರೆ ದಾಟಿ ಕಾರು ತಿರುಗಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದವನೇ ಚಿಕ್ಕಸ್ವಾಮಿಯ ಕಡೆಗೆ ತಿರುಗಿದೆ. "ಎಂಜಿನ್ನೇನ್ಲಾ ಇದು? ಆಲೆಮನೆ ಗಾಣಾನೇ ವಾಸಿ! ಮೂರ್ ತಿಂಗ್ಳು ಕೂತ್ಕಂಡು ಇದೇಯಾ ನೀ ಮಾಡಿದ್ದು?" ನಾಲ್ಕು ಊರಿನ ಜನ ಕೇಳಿಸಿಕೊಂಡರು. ಚಿಕ್ಕಸ್ವಾಮಿ ನೆಲದ ಮೇಲಿನ ಟೈರಿನ ಗುರುತನ್ನೇ ನೋಡುತ್ತ ನಿಂತ. ಇಮಾಮ್ ಸಾಬರೂ ಅಲ್ಲೇ ಇದ್ದರು, ಲೊಚಗುಟ್ಟಿ ಬೇರೆ ಕಡೆ ನೋಡಿದರು.

ನಾನು ಅಷ್ಟಕ್ಕೇ ಬಿಡಲಿಲ್ಲ. ಶ್ರೀರಂಗಪಟ್ಟಣ, ನಾಗಮಂಗಲ, ಯಾವ ಸ್ಟ್ಯಾಂಡಿನಲ್ಲಿ ಕಾರು ನಿಲ್ಲಿಸಿದರೂ ಅದೇ ಕಥೆ ಹೇಳಿದೆ. ಯುಗಾದಿಯ ಹೊತ್ತಿಗೆ ಚಿಕ್ಕಸ್ವಾಮಿಯ ಶೆಡ್ಡಿಗೆ ಒಂದು ಟ್ಯಾಕ್ಸಿಯೂ ಹೋಗುತ್ತಿರಲಿಲ್ಲ. ಅವನು ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡು ದಿನ ನೂಕುತ್ತಿದ್ದ. ತಕ್ಕ ಶಾಸ್ತಿಯಾಯಿತು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ.

ಮರುವರ್ಷದ ಓಟಕ್ಕೆ ಹದಿನೈದು ದಿನ ಇತ್ತು. ಎಂಜಿನ್ನನ್ನು ಮೈಸೂರಿನವರ ಕೈಲಿ ಬಿಚ್ಚಿಸುತ್ತೇನೆ ಎಂದು ಇಮಾಮ್ ಸಾಬರಿಗೆ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು.

"ಎಂಜಿನ್ನಿಗೆ ಕೈ ಆಕ್ಬ್ಯಾಡ. ಮೊದ್ಲು ನನ್ ಕೆಲ್ಸ ನೋಡ್ಬುಡಾನ."

"ನಿಮ್ದೇನ್ ನೋಡದು ಸಾಬ್ರೇ?"

"ನೋಡಾನ ಅಂದ್ನಲ್ಲ, ಚೈನ್ ತಕ್ಕಂಬಾ."

ಶೆಡ್ಡಿನ ಹಿಂದಿನ ಹೊಲದಲ್ಲಿ ಹುಣಸೆ ಮರವಿತ್ತು. ಕಾರಿನ ಹಿಂಬದಿಯನ್ನು ಲಾರಿ ಚೈನಿನಿಂದ ಆ ಮರಕ್ಕೆ ಬಿಗಿದೆವು. ಸಾಬರು ಚಕ್ರದಿಂದ ಒಂದು ಮಾರು ದೂರದಲ್ಲಿ ಮಣ್ಣಿನ ಮೇಲೆ ಬೋರಲಾಗಿ ಮಲಗಿ, ಕ್ಲಚ್ ಬಿಡು ಎಂದರು. ಬಿಟ್ಟೆ. ಚೈನು ಬಿಗಿಯಿತು, ಮಣ್ಣು ಹಾರಿತು. ಹತ್ತು ಸಲ ಬಿಡಿಸಿದರು. ಆಮೇಲೆ ಎದ್ದು ಅಂಗಿ ಕೂಡ ಕೊಡವದೆ ಮರದ ಬುಡದಲ್ಲಿ ಕೂತುಬಿಟ್ಟರು.

"ಎಂಜಿನ್ನು ಜೋರಾಗ್ ಎಳ್ದಾಗ ಅಚ್ಚು ತಿರುಚ್ಕತದೆ ಕಣ್ಲಾ. ಕಮಾನು ಆವು ಅರ್ದಂಗೆ ಡೊಂಕಾಯ್ತದೆ, ಆಮೇಲ್ ಒದ್ದು ವಾಪಸ್ ಬತ್ತದೆ. ಆ ಒದೆಗೇ ಚಕ್ರ ಮ್ಯಾಲಕ್ಕೆ ಆರದು. ಗಾಡೀನ ಮುಂದುಕ್ಕೆ ತಳ್ಳದು ಕಮಾನಿನ್ ಮುಂದ್ಲರ್ಧ. ಅದು ಬಿಗಿಯಾಗಿರ್ಬೇಕು. ಇಂದ್ಲರ್ಧ ಸಡ್ಲ ಬುಡ್ಬೇಕು. ನಾನು ಕಬ್ಬಿನ್ ಲಾರಿಗ್ ಆಕ್ದಂಗೆ ಪೂರ್ತಿ ಬಿಗ್ದೆ. ಕಾರು ಕಬ್ಬು ಒರಕ್ ಓಗಿತ್ತೇನ್ಲಾ?"

ಅಂದಿನ ಅವರ ದನಿ ನನಗೂ ಹುಣಸೆ ಮರಕ್ಕೂ ಮಾತ್ರ ಕೇಳಿಸಿತು.

"ಅಂಗಾದ್ರೆ ಎಂಜಿನ್ನು?"

"ಎಂಜಿನ್ನು ಬಂಗಾರ. ಅದರ್ ಶಕ್ತಿನೇ ನನ್ ಪ್ಲೇಟು ತಡ್ಕಳ್ನಿಲ್ಲ. ಗೆದ್ದಮ್ಯಾಲೆ ಎಲ್ರ ಮುಂದೇನೂ ಯೋಳ್ತೀನಿ. ಸೋತ್ರೆ ನಾನ್ ಯೋಳಿದ್ರೂ ಯಾರೂ ನಂಬಾಕಿಲ್ಲ. ಚಿಕ್ಕಸ್ವಾಮಿ ಎಸ್ರು ಅಂಗೇ ಮಣ್ಣಲ್ಲೇ ಬಿದ್ದಿರ್ತದೆ."

ಮರುದಿನ ಬೆಳಿಗ್ಗೆಯೇ ಕಮಾನು ಬಿಚ್ಚಿದರು. ಜಾಸ್ತಿ ಹಾಕಿದ್ದ ಪ್ಲೇಟುಗಳನ್ನೆಲ್ಲ ತೆಗೆದರು. ಅದರಲ್ಲಿ ಒಂದನ್ನು ಕಡಿದು ಎರಡು ತುಂಡು ಮಾಡಿ, ಅಚ್ಚಿನಿಂದ ಮುಂದಿನ ಭಾಗಕ್ಕೆ ಮಾತ್ರ ಬರುವಂತೆ ಎರಡೂ ಕಡೆ ಕೂರಿಸಿದರು. ಪ್ಲೇಟುಗಳು ಚೆದುರದಂತೆ ಹಿಡಿಯುವ ಕ್ಲಿಪ್ಪುಗಳನ್ನು ಮುಂದುಗಡೆ ಬಿಗಿದರು, ಹಿಂದುಗಡೆ ಬಿಚ್ಚಿಯೇ ಬಿಟ್ಟರು. ಹೊಲದಲ್ಲಿ ಬಲಗಡೆಯ ಚಕ್ರ ಎಡಗಡೆಯದಕ್ಕಿಂತ ಆಳ ಗುಂಡಿ ತೋಡಿತ್ತು. ಹೊರಡುವಾಗ ಆ ಕಡೆ ಹಗುರಾಗಿ ಚಕ್ರ ಸುಮ್ಮನೆ ಸುತ್ತುತ್ತದೆ ಎಂದು ಹೇಳಿ ಬಲಗಡೆಗೆ ಇನ್ನೊಂದು ಗಿಡ್ಡ ಪ್ಲೇಟು ಸೇರಿಸಿದರು. ಮತ್ತೆ ಚೈನು ಕಟ್ಟಿ ನೋಡಿದೆವು. ಕಮಾನು ಅಲುಗಲಿಲ್ಲ. ಹುಣಸೆ ಮರವೇ ಒಂದು ಸಲ ನಡುಗಿತು. ಸಾಬರ ಗಂಟಲು ವಾಪಸ್ಸು ಬಂತು.

ಓಟದ ದಿನ ಸಾಬರು ತಾವೇ ಹೋಗಿ ಚಿಕ್ಕಸ್ವಾಮಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಅವನು ಜನರ ಹಿಂದೆ ನಿಂತ. ಪಕ್ಕದಲ್ಲಿ ಮತ್ತೆ ರಘುನಂದನ್. ಬಾವುಟ ಇಳಿಯಿತು, ಕ್ಲಚ್ ಬಿಟ್ಟೆ, ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗಾಯಿತು. ಕುಪ್ಪಳಿಸುವುದಿಲ್ಲ, ಜಾರುವುದಿಲ್ಲ, ಕಾರು ನೆಲಕ್ಕೆ ಅಂಟಿಕೊಂಡೇ ಓಡಿತು. ಎರಡು ಕಾರಿನ ಉದ್ದ ಮುಂದಿದ್ದೆ. ಸಂತೋಷಕ್ಕೆ ಗೆರೆ ದಾಟಿದ ಮೇಲೂ ಬ್ರೇಕು ಒತ್ತುವುದನ್ನು ಮರೆತಿದ್ದೆ.

ತಿರುಗಿ ಬರುವಷ್ಟರಲ್ಲಿ ನಮ್ಮ ಜನ ಇಮಾಮ್ ಸಾಬರನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. "ಇಳಿಸ್ರಲೋ, ಇಳಿಸಿ! ಮಾತಾಡ್ಬೇಕು" ಎಂದು ಅವರು ಗದರಿ ಕೆಳಗಿಳಿದರು.

"ಎಲ್ರೂ ಕೇಳಿ. ಓದ್ ವರ್ಸ ಸೋತದ್ದು ಎಂಜಿನ್ನಿಂದ ಅಲ್ಲ. ತಪ್ಪು ನಂದು, ನನ್ ಪ್ಲೇಟಿಂದು. ಇವತ್ ಓಡಿದ್ದೂ ಅದೇ ಎಂಜಿನ್ನು, ಒಂದ್ ಬೋಲ್ಟೂ ಬಿಚ್ಚಿಲ್ಲ. ಚಿಕ್ಕಸ್ವಾಮಿ, ನನ್ನ ಮಾಫ್ ಮಾಡ್ಬುಡಪ್ಪ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಎಂಥ ದೊಡ್ಡ ಮನಸ್ಸು ಎಂದು ಪಕ್ಕದವನಿಗೂ ಹೇಳಿದೆ.

ಚಿಕ್ಕಸ್ವಾಮಿ ಮುಂದೆ ಬಂದು ಸಾಬರ ಕೈ ಹಿಡಿದುಕೊಂಡ. "ನಂಗೆ ಅವತ್ತೇ ಗೊತ್ತಿತ್ತು ಇಮಾಮಣ್ಣ. ಟೈರಿನ್ ಗುರ್ತು ನೆಲದ್ ಮ್ಯಾಲೆ ತುಂಡ್ ತುಂಡಾಗಿ ಬಿದ್ದಿತ್ತು. ಎಂಜಿನ್ನು ಕೆಟ್ರೆ ಅಂಗ್ ಬೀಳಾಕಿಲ್ಲ. ಗಾಡಿಯೋರ್ ಮುಂದೆ ಇನ್ನೊಬ್ಬ ಮಿಸ್ತ್ರಿ ಕೆಲ್ಸಾನ ಆಡ್ಕಬಾರ್ದು ಅಂತ ಸುಮ್ಕಿದ್ದೆ."

ಆಮೇಲೆ ಅವನು ನನ್ನ ಕಡೆ ತಿರುಗಿದ. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವ್ರು ಯೋಳಿದ್ರು. ನೀನ್ ಯಾವಾಗ್ ಯೋಳೀಯೆ ಸಿದ್ದರಾಜು?"

ನನ್ನ ಚಪ್ಪಾಳೆ ಅಲ್ಲಿಗೇ ನಿಂತುಹೋಯಿತು. ಒಂದು ವರ್ಷ ನಾಲ್ಕು ತಾಲ್ಲೂಕು ಸುತ್ತಿ ಅವನ ಹೆಸರನ್ನು ಹಾಳು ಮಾಡಿದ್ದು ಪ್ಲೇಟಲ್ಲ, ನನ್ನ ನಾಲಿಗೆ. ಕಾರಿನ ಬಾನೆಟ್ಟು ಹತ್ತಿ ನಿಂತೆ. ಹಿಂದಿನ ವರ್ಷ ಅವನನ್ನು ಬೈದಷ್ಟೇ ಜೋರಾಗಿ, ಎಂಜಿನ್ನು ಮಾಡಿದವನು ಚಿಕ್ಕಸ್ವಾಮಿ, ಅವನ ಮೇಲೆ ಸುಳ್ಳು ಹೊರಿಸಿದವನು ನಾನು ಎಂದು ಮೂರು ಸಲ ಕೂಗಿದೆ.