ಹಾರ್ನ್ ಹೊಡೆಯದ ಟಪಾಲು

ಬಾಗಿಲಲ್ಲಿ ನಿಂತು ಹೆಸರು ಕೂಗದ ಟಪಾಲನ್ನು ನಾನು ಟಪಾಲು ಅಂತ ಒಪ್ಪುವುದಿಲ್ಲ. ನಮ್ಮ ಉಗರಗೋಳದ ಪೋಸ್ಟ್‌ಮನ್ನು ಮನೆಗೆ ಬೀಗ ಇದ್ದರೆ ಹೊಲದ ತನಕ ಬಂದು ಕೂಗುತ್ತಾನೆ. ಈ ಇ-ಮೇಲ್ ಹಾಗಲ್ಲ. ಕಳ್ಳನ ಹಾಗೆ ಬಂದು ಸುಮ್ಮನೆ ಕೂರುತ್ತದೆ. ನೋಡದಿದ್ದರೆ ತಪ್ಪು ನಮ್ಮದಂತೆ!

ಊರವರ ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ಸಾಕಾಗಿತ್ತು. ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಅದಕ್ಕೇ ಸಕ್ಕರೆ ಕಾರ್ಖಾನೆಯ ಕಾಯಂ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದೆ. ಇ-ಮೇಲ್ ಬೇಕೆಂದರು. ಮೊಬೈಲ್ ಅಂಗಡಿಯ ಬಸಣ್ಣ ತನ್ನ ಕಂಪ್ಯೂಟರಿನಲ್ಲೇ ಒಂದು ಮಾಡಿಕೊಟ್ಟ. ನಮ್ಮೂರಲ್ಲಿ ಬಹಳ ಮಂದಿಯ ಮೇಲ್ ತೆರೆದು ನೋಡುವವನು ಅವನೇ. ಪಾಸ್‌ವರ್ಡೂ ಅವನ ತಲೆಯಲ್ಲೇ.

ಕಾದು ಕಾದು ಕೇಳಲು ಹೋದರೆ, "ಏ ತಮ್ಮಾ, ಬಂದೈತೋ! ನಿನ್ನೆ ಗಾಡಿ ಹೊಡಿಯೋ ಟ್ರಾಯಲ್‌ಗೆ ಕರದಿದ್ರು. ಗುಡ್ಡದ ಜಾತ್ರಿಗೆ ಹುಣ್ಣಿಮಿ ಮಂದಿ ಬಂದಿತ್ತು, ಅಂಗಡ್ಯಾಗ ಗದ್ದಲ, ನೋಡಾಕ ಆಗಲಿಲ್ಲ" ಎಂದ. ಮೇಲ್ ನನ್ನ ಫೋನಿಗೆ ಹಾಕಿಕೊಟ್ಟು ಪಾಠ ಬೇರೆ ಹೇಳಿದ. ಕಳಿಸಿದ್ದು ಮೊದಲು ಎಲ್ಲೋ ಒಂದು ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ, ಅದು ವಿಳಾಸ ನೋಡಿ ಇನ್ನೊಂದಕ್ಕೆ ದಾಟಿಸುತ್ತದೆ, ಅಲ್ಲಿ ನಮ್ಮ ಹೆಸರಿನ ಡಬ್ಬಿಯಲ್ಲಿ ಬಿದ್ದಿರುತ್ತದೆ. ಅಂದರೆ ಕಾರ್ಖಾನೆ ಮುಂದೆ ಕಬ್ಬಿನ ಗಾಡಿ ಸರದಿಗೆ ಕಾದು ನಿಂತ ಹಾಗೆ. ನಾವಾದರೂ ಹಾರ್ನ್ ಹೊಡೆಯುತ್ತೇವೆ.

ನೇರ ಕಾರ್ಖಾನೆಗೆ ಹೋದೆ. ಕ್ಲಾರ್ಕ್ ಸಾಹೇಬರು ತಲೆಯೆತ್ತಲಿಲ್ಲ. "ಇನ್ನೊಮ್ಮೆ ಟ್ರಾಯಲ್ ಬೇಕಂದ್ರ ಮೇಲ್ ಹಾಕಿ ಕೇಳು."

"ಸಾಹೇಬ್ರ, ಎದುರಿಗೇ ನಿಂತೇನಲ್ರಿ. ಬಾಯ್ಲೆ ಕೇಳತೇನಿ."

"ಬಾಯಿಮಾತು ಇಲ್ಲಿ ನಡೆಂಗಿಲ್ಲ."

ಅಲ್ಲೇ ನಿಂತು ಹೆಬ್ಬೆರಳಿನಿಂದ ಕುಟ್ಟಿದೆ. ನಮ್ಮಿಬ್ಬರ ನಡುವೆ ಎರಡು ಮೊಳದ ಟೇಬಲ್ಲು. ಅದನ್ನು ದಾಟಲು ನನ್ನ ಮಾತು ಯಾವ ದೇಶ ಸುತ್ತಿ ಬಂತೋ ಶಿವನೇ ಬಲ್ಲ. ಸಾಹೇಬರು ಕನ್ನಡಕ ಏರಿಸಿ ಓದಿದರು, ತಾವೂ ಕುಟ್ಟಿದರು. ನನ್ನ ಫೋನು ಕಿಣ್ ಎಂದಿತು: ‘ಶನಿವಾರ ಹಾಜರಾಗತಕ್ಕದ್ದು.’

ಶನಿವಾರ ಅವರ ಗಾಡಿಯನ್ನು ಹಿಂದೆ ಮುಂದೆ ಓಡಿಸಿ ತೋರಿಸಿದೆ. "ಆತು, ಮೇಲ್ ಹಾಕತೇವಿ, ಹೋಗು" ಎಂದರು. ಹೋಗಲಿಲ್ಲ. ಅವತ್ತು ಊರವರ ಕಬ್ಬು ತಂದು ಇಳಿಸಿದ್ದ ಟ್ರ್ಯಾಕ್ಟರನ್ನು ಸಾಹೇಬರ ಕಿಟಕಿಯ ಕೆಳಗೆ ತಂದು ನಿಲ್ಲಿಸಿ ಆಗಾಗ ಹಾರ್ನ್ ಹೊಡೆದೆ.

ಸಂಜೆ ಕಿಟಕಿಯಿಂದ ತಲೆ ಹೊರಗೆ ಬಂತು. "ಏ ಉಗರಗೋಳದವನ, ಬಾಯಿ ಮುಚ್ಚಸೋ ಅದರದು! ಸೋಮವಾರ ಡ್ಯೂಟಿಗಿ ಬಾ!"

ಮೇಲ್ ಇನ್ನೂ ಬಂದಿಲ್ಲ. ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆ.