ಎರಡು ಪಟ್ಟಿ ಕಾಯುವ ಅಫ್ರೀನ

ಬೆಳಗಿನ ಆರೂವರೆ. ಪಣಜಿಯ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಇಪ್ಪತ್ತೇಳರ ಅಫ್ರೀನ ಮಾತ್ರ ಚಹಾದ ಲೋಟ ಪಕ್ಕಕ್ಕಿಟ್ಟು ಬಿಲ್ಡ್ ಸರ್ವರ್‌ಗೆ ಲಾಗಿನ್ ಆಗಿ ನೋಡುತ್ತಾರೆ. ಒಮ್ಮೆ ಕಂಪನಿಯ ಖಾತೆಯಿಂದ, ಇನ್ನೊಮ್ಮೆ ಹಳೆಯ ಪಾಸ್‌ವರ್ಡಿನಿಂದ. ಎರಡೂ ತೆರೆದ ಮೇಲೆಯೇ ಚಹಾ. ಅಷ್ಟರಲ್ಲಿ ಅದು ಆರಿರುತ್ತದೆ.

ಹಲವರು ಬರೆದ ಕೋಡನ್ನು ಜೋಡಿಸಿ ಆ್ಯಪ್ ಮಾಡಿಕೊಡುವ ಯಂತ್ರವೇ ಬಿಲ್ಡ್ ಸರ್ವರ್. ನಲವತ್ತೆರಡು ಕಾಯಂ ನೌಕರರು ಕಂಪನಿಯ ಖಾತೆಯಿಂದ ಒಳಗೆ ಬರುತ್ತಾರೆ. ಗುತ್ತಿಗೆಯ ಏಳು ಮಂದಿಗೆ ಆ ಖಾತೆ ಇಲ್ಲ, ಸರ್ವರ್‌ನಲ್ಲೇ ಇರುವ ಹೆಸರು-ಪಾಸ್‌ವರ್ಡುಗಳ ಹಳೆಯ ಪಟ್ಟಿಯೇ ಗತಿ. ಕಳೆದ ವರ್ಷ ಆ ಪಟ್ಟಿ ಮುಚ್ಚುವ ಮಾತು ಬಂದಾಗ ಏಳು ಜನರ ಕೆಲಸಕ್ಕೇ ಕುತ್ತು ಬಂದಿತ್ತು. ಎರಡನ್ನೂ ಜೋಡಿಸುತ್ತೇನೆ ಎಂದವರು ಅಫ್ರೀನ ಒಬ್ಬರೇ. ಎರಡು ದೋಣಿಯಲ್ಲಿ ಕಾಲಿಡಬಾರದು ಎಂಬ ಮಾತಿದೆ. ಇವರಿಗೆ ಸಂಬಳ ಬರುವುದೇ ಅದಕ್ಕೆ!

"ಸರ್ವರ್ ಮೊದಲ ಕಂಪನಿ ಪಟ್ಟಿ ನೋಡತೈತ್ರಿ. ಅಲ್ಲಿ ಸಿಗಲಿಲ್ಲಂದ್ರ ಹಳೇದು. ಇದನ್ನ ನಮ್ಮ ಅಮ್ಮ ಕೆಲಸಾ ಮಾಡೋ ಕಟ್ಟಡದ ಸೈಟಿನ್ಯಾಗ ನೋಡಿ ಕಲತೇನ್ರಿ" ಎನ್ನುತ್ತಾರೆ ಅಫ್ರೀನ.

ತಾಯಿ ಮಾಶಾಬಿ ಮುದ್ದೇಬಿಹಾಳದ ಕಡೆಯಿಂದ ಪಣಜಿ ಪಕ್ಕದ ಚಿಂಬಲ್‌ಗೆ ಬಂದು ಇಪ್ಪತ್ತು ವರ್ಷ ಸಿಮೆಂಟ್ ಹೊತ್ತವರು, ಈಗಲೂ ಹೊರುತ್ತಾರೆ. ಬೆರಳಿನ ಗೆರೆ ಸವೆದು ಹೋಗಿ ಹಾಜರಿ ಯಂತ್ರ ಅವರನ್ನು ಗುರುತಿಸುವುದಿಲ್ಲ. "ಹೆಬ್ಬಟ್ಟ ಹತ್ತಲಿಲ್ಲಂದ್ರ ಕೂಲಿಯವರನ್ನ ನೋಡ್ಕೊಳ್ಳೋ ಮುಕಾದಮ ಪಟ್ಟಿ ತಗದು ಹೆಸರ ಕರೀತಾನ್ರಿ. ಅದೂ ಇರಲಿಲ್ಲಂದ್ರ ಮನಿಗೆ ವಾಪಸ್" ಎಂದು ಅಂಗೈ ತೋರಿಸಿ ನಗುತ್ತಾರೆ. ನನಗೆ ನಗು ಬರಲಿಲ್ಲ, ಸಂಕಟವಾಯಿತು.

ಜೋಡಿಸಿದ ಮೊದಲ ವಾರವೇ ಎಡವಟ್ಟಾಯಿತು. ಎರಡು ಪಟ್ಟಿಯಲ್ಲೂ ಒಬ್ಬೊಬ್ಬ ಮುಸ್ತಾಕ. ಸರ್ವರ್ ಇಬ್ಬರನ್ನೂ ಒಬ್ಬನೇ ಎಂದುಕೊಂಡು, ಕಾಯಂ ಮುಸ್ತಾಕರ ಅಧಿಕಾರವನ್ನೆಲ್ಲ ಗುತ್ತಿಗೆಯ ಮುಸ್ತಾಕರಿಗೂ ಕೊಟ್ಟುಬಿಟ್ಟಿತ್ತು. ಯಾರೂ ಗಮನಿಸಿರಲಿಲ್ಲ. ಅಫ್ರೀನ ತಾವೇ ಹೋಗಿ ತಪ್ಪು ಒಪ್ಪಿಕೊಂಡರು. ಮ್ಯಾನೇಜರ್ ಕೆಂಡಾಮಂಡಲ: ಸಂಜೆಯೊಳಗೆ ಸರಿಯಾಗದಿದ್ದರೆ ಹಳೆಯ ಪಟ್ಟಿ ಬಂದ್.

"ಏನ ಮಾಡ್ಲಿ ಅಂತ ಕುಂತಾಗ ಅಮ್ಮಾನ ಮುಕಾದಮ ನೆನಪಾದನ್ರಿ. ಅಂವ ಬರೇ ಹೆಸರ ಕರೆಯಂಗಿಲ್ಲ. ಅಲ್ಲೂ ಇಬ್ಬರು ಮುಸ್ತಾಕ ಅದಾರ, ಇಂಡಿ ಮುಸ್ತಾಕ, ತಾಳಿಕೋಟಿ ಮುಸ್ತಾಕ ಅಂತ ಊರ ಹಚ್ಚಿ ಕರೀತಾನ."

ಗುತ್ತಿಗೆಯ ಏಳೂ ಲಾಗಿನ್ ಹೆಸರಿಗೆ ಅವರು ಊರು ಹಚ್ಚಿದರು. ಸಂಜೆ ಐದಕ್ಕೆ ಏಳೂ ಮಂದಿ ಅವರವರ ಅಧಿಕಾರದಲ್ಲೇ ಒಳಗಿದ್ದರು. ಇವತ್ತಿಗೂ ಇದ್ದಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಬಡ್ತಿ ಅನ್ನಬಹುದೆಂದುಕೊಂಡಿದ್ದೆ.

"ಅಮ್ಮಾನ ಸೈಟಿನ್ಯಾಗ ಮುಕಾದಮನ ಪಟ್ಟಿ ತಗದು ಬರೇ ಹೆಬ್ಬಟ್ಟಿನ ಮಷಿನ್ ಇಡ್ತೀವಿ ಅನ್ನಾಕತ್ತಾರ್ರಿ. ಹಂಗ ಆಗದಿದ್ರ ಸಾಕ. ಇಲ್ಲಿ ಏಳು ಮಂದಿಗೆ ನಾ ಅದೇನಿ. ಅಲ್ಲಿ ಅಮ್ಮಾಗ ಯಾರದಾರ್ರಿ?"