ಹಿಮ ಕಾಯುವ ಕ್ಷೌರಿಕ

ಜೂನ್‌ನ ಚಳಿಗಾಲ ಬಂತೆಂದರೆ ನಮ್ಮ ಬೀದಿಯ ಕ್ಷೌರಿಕ ಲೆಯೊಕಾಡಿಯೊನ ಕೈಗೆ ಗಡ್ಡ ಒಪ್ಪಿಸುವವರು ಸ್ವಲ್ಪ ಯೋಚಿಸಬೇಕು. ಅರ್ಧ ಕೆನ್ನೆ ಹೆರೆದವನೇ ರೇಜರ್ ಹಿಡಿದುಕೊಂಡೇ ಬಾಗಿಲಿಗೆ ಹೋಗಿ ಮೋಡ ನೋಡುತ್ತ ನಿಂತುಬಿಡುತ್ತಾನೆ. ದಕ್ಷಿಣ ಬ್ರೆಜಿಲ್ಲಿನ ಈ ಗುಡ್ಡದೂರಿನಲ್ಲಿ ಹಿಮ ಬಿದ್ದದ್ದನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಆದರೂ "ಈ ಸಲ ಬಿತ್ತು ಅಂತ್ಲೇ ಇಟ್ಕೊಳ್ಳಿ" ಎನ್ನುವುದು ಅವನ ವರ್ಷವರ್ಷದ ಮಾತು. ಅಂಗಡಿಯ ಗೋಡೆಗೆ ಮೂರು ಥರ್ಮಾಮೀಟರ್ ತೂಗುಹಾಕಿದ್ದಾನೆ; ಅತಿ ಕಡಿಮೆ ತೋರಿಸುವುದೇ ಸತ್ಯವಂತ, ಉಳಿದವೆರಡೂ ಕೆಟ್ಟಿವೆ. ಒಲೆಯ ಮೇಲೆ ಪಿನ್ಯಾಂವ್ ಬೀಜ ಸುಟ್ಟು ತಿನ್ನುತ್ತ ಕೂತ ಗಿರಾಕಿಗಳು, "ಹೋದ್ವರ್ಷ ನೀನು ಹಿಮ ಹಿಮ ಅಂತ ಕೂಗಿದ್ದು ಬೇಕರಿಯವನು ಕೊಡವಿದ ಹಿಟ್ಟಲ್ವೇನೋ ಮಾರಾಯ?" ಎಂದು ಕಾಲೆಳೆದರೆ, "ನಗ್ರಪ್ಪ, ನಗ್ರಿ. ಬಿದ್ದ ದಿನ ನಿಮ್ಮನ್ನ ಮಾತ್ರ ಎಬ್ಬಿಸಲ್ಲ" ಎನ್ನುತ್ತಾನೆ. ಚಳಿ ಎಷ್ಟಿದೆ ಎಂದು ನೋಡಲು ಇಲ್ಲಿ ಎಲ್ಲರೂ ಮಾಡುವಂತೆ ಅವನೂ ಮಲಗುವ ಮುನ್ನ ಅಂಗಳದ ಕಟ್ಟೆಯ ಮೇಲೆ ತಟ್ಟೆ ತುಂಬ ನೀರಿಡುತ್ತಾನೆ. ಬೆಳಗಾದರೆ ನಮ್ಮ ತಟ್ಟೆಗಳಲ್ಲಿ ನೀರು ನೀರಾಗಿಯೇ ಇರುತ್ತದೆ. ಅವನದರಲ್ಲಿ ಮಾತ್ರ ಮಂಜುಗಡ್ಡೆ. ಮೊನ್ನೆ ಬೆಳಿಗ್ಗೆ ಬೇಲಿಯ ಈಚೆಯಿಂದ ನೋಡುತ್ತಿದ್ದೆ. ಗಡ್ಡೆಯನ್ನು ಎತ್ತಿಕೊಂಡವನು, ಅದರ ಅಂಚಿಗೆ ಅಂಟಿದ್ದ ಫ್ರಿಜ್ಜಿನ ಬಟಾಣಿ ಕಾಳೊಂದನ್ನು ಉಗುರಿನಿಂದ ಮೆಲ್ಲಗೆ ಕಿತ್ತು ಬಾಯಿಗೆ ಹಾಕಿಕೊಂಡ. ಆಮೇಲೆ ಇಡೀ ಬೀದಿಗೆ ಕೇಳುವಂತೆ, "ಜುಲ್ಮಿರಾ, ಬಾರೇ ಇಲ್ಲಿ, ಹೆಪ್ಪುಗಟ್ಟಿದೆ!" ಎಂದು ಕೂಗಿದ. ಅಚ್ಚರಿಯ ಮುಖ ಮಾಡಿಕೊಂಡು ಅಡುಗೆಮನೆಯಿಂದ ಬಂದ, ದಿನವೂ ಅವನಿಗಿಂತ ಮೊದಲೇ ಏಳುವ ಹೆಂಡತಿಯ ಕೆಂಪಾದ ಒದ್ದೆ ಕೈಗಳೆರಡನ್ನೂ ತನ್ನ ಕೋಟಿನ ಜೇಬಿಗೆ ತುರುಕಿಕೊಂಡು ಹೇಳಿದ: "ನೋಡು, ಎಂಥಾ ಚಳಿ ಅಂತ."